ನಾನೇ ಕೊಟ್ಟ ಹುಟ್ಟಿದ ದಿನಾಂಕ

ಏಳನೇ ತರಗತಿ ಮುಗಿಸಿದ ಬೇಸಿಗೆ ರಜೆಯಲ್ಲಿ ಮಗ ಹೊಸ ಕಂಪ್ಯೂಟರ್ ಬೇಕೆಂದು ಹಟ ಹಿಡಿದ. ಗೆಳೆಯರು ಆಡುವ ಆಟಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಶಿವಮೊಗ್ಗದ ಅಂಗಡಿಯಲ್ಲಿ ವಿಚಾರಿಸಿದರೆ ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಹೇಳಿದರು. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನ್ನ ಸಂಬಳಕ್ಕೆ ಅದು ಎಟುಕುವ ಮಾತಲ್ಲ. ಕೊನೆಗೆ ಅವನೇ ಒಂದು ದಾರಿ ಹುಡುಕಿಕೊಂಡು ಬಂದ.

"ಅಮ್ಮ, ಕಂಪ್ಯೂಟರೇ ಬೇಡ. ಕ್ಲೌಡ್ ಗೇಮಿಂಗ್ ಅಂತ ಇದೆ. ಆಟ ಅವರ ಸರ್ವರಲ್ಲಿ ಓಡುತ್ತೆ, ನಮಗೆ ವಿಡಿಯೊ ಬರುತ್ತೆ ಅಷ್ಟೆ. ತಿಂಗಳಿಗೆ ಇಷ್ಟು ಅಂತ ಕಟ್ಟಿದ್ರೆ ನಿನ್ನ ಹಳೇ ಲ್ಯಾಪ್‌ಟಾಪಲ್ಲೇ ಆಡಬಹುದು."

ಕೆಲವು ನೂರು ರೂಪಾಯಿಯ ಮಾತು. ಒಪ್ಪಿಕೊಂಡೆ. ಅದೇ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಖಾತೆ ತೆರೆಯಲು ಕೂತೆವು. ಅವನು ತನ್ನ ಹುಟ್ಟಿದ ದಿನಾಂಕ ಹಾಕಿದ್ದೇ ತಡ, ಪೋಷಕರ ಒಪ್ಪಿಗೆ ಬೇಕು, ಪೋಷಕರದೊಂದು ಖಾತೆ ಬೇಕು, ಎರಡನ್ನೂ ಜೋಡಿಸಬೇಕು ಎಂದು ಪುಟದ ಮೇಲೆ ಪುಟ ತೆರೆದುಕೊಂಡಿತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬೆಳಗಿನಿಂದ ಕೌಂಟರಿನಲ್ಲಿ ಕೂತು ಸೊಂಟ ಹಿಡಿದಿತ್ತು. "ನಂದೇ ಹಾಕು ಮಾರಾಯ" ಅಂದೆ. ಎರಡು ನಿಮಿಷದಲ್ಲಿ ಖಾತೆ ಸಿದ್ಧವಾಯಿತು. ನನ್ನ ಹೆಸರು, ನನ್ನ ಮೊಬೈಲ್ ಸಂಖ್ಯೆ, ನನ್ನ ಕಾರ್ಡು, ನನ್ನ ವಯಸ್ಸು. ಆಡುವವನು ಮಾತ್ರ ಹನ್ನೆರಡು ವರ್ಷದ ಹುಡುಗ.

ನಮ್ಮ ಬ್ಯಾಂಕಿನಲ್ಲಿ ಅರ್ಜಿಗೂ ಆಧಾರಿಗೂ ಹುಟ್ಟಿದ ದಿನಾಂಕ ಒಂದೇ ಒಂದು ದಿನ ಹೆಚ್ಚುಕಮ್ಮಿಯಾದರೂ ನಾನು ಖಾತೆ ತೆರೆಯುವುದಿಲ್ಲ. ಮೈನರ್ ಖಾತೆಯಾದರೆ ಪೋಷಕರ ಸಹಿ, ಅವರ ದಾಖಲೆ, ಹಣ ತೆಗೆಯುವುದಕ್ಕೆ ಮಿತಿ. ಇದೆಲ್ಲ ಮಗುವಿನ ರಕ್ಷಣೆಗೆ ಎಂದು ಗ್ರಾಹಕರಿಗೆ ನಾನೇ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಅದೇ ರಕ್ಷಣೆ ತೆರೆಯ ಮೇಲೆ ಬಂದು ನಿಂತಾಗ ದಾಟಿಕೊಂಡು ಹೋದೆ.

ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಹಳೆಯ ಲ್ಯಾಪ್‌ಟಾಪಿನಲ್ಲಿ ಅಂಥ ಚಿತ್ರ ಮೂಡುವುದನ್ನು ನೋಡಿ ನನಗೂ ಬೆರಗು. ಮಳೆಗಾಲದಲ್ಲಿ ಇಂಟರ್‌ನೆಟ್ ಕೇಬಲ್ ಕಡಿದುಹೋದ ದಿನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ದಿನದ 2 ಜಿಬಿ ಅರ್ಧ ಗಂಟೆಗೆ ಮುಗಿಯಿತು. ನಮ್ಮ ಮನೆಗೂ ಆ ಸರ್ವರಿಗೂ ನಡುವೆ ಎಷ್ಟೊಂದು ಹರಿಯುತ್ತಿದೆ ಎಂಬ ಅಂದಾಜು ಮೊದಲು ಸಿಕ್ಕಿದ್ದು ಅವತ್ತೇ. ಆದರೆ ನಾನು ನಮ್ಮ ಕಡೆ ಬರುವುದರ ಲೆಕ್ಕವನ್ನಷ್ಟೇ ಹಾಕಿದೆ. ಇಲ್ಲಿಂದ ಅತ್ತ ಹೋಗುವುದರ ಬಗ್ಗೆ ಯೋಚಿಸಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಕುಸಿಯಿತು. ತರಗತಿಯಲ್ಲಿ ತೂಕಡಿಸುತ್ತಾನೆ ಎಂದು ಶಾಲೆಯಿಂದ ಫೋನ್ ಬಂತು. ಕೇಳಿದರೆ, "ಹತ್ತಕ್ಕೇ ಮಲಗ್ತೀನಲ್ಲಮ್ಮ" ಎಂಬ ಉತ್ತರ. ಸಹೋದ್ಯೋಗಿಯೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಇಂಥ ಖಾತೆಗಳಲ್ಲಿ ನಮ್ಮ ಬಗ್ಗೆ ಇಟ್ಟಿರುವ ಮಾಹಿತಿಯ ಪ್ರತಿ ಕೇಳಿ ಪಡೆಯುವ ಅವಕಾಶ ಇರುತ್ತದಂತೆ. ಕೇಳಿದೆ. ಮೂರನೇ ದಿನ ಒಂದು ಜಿಪ್ ಫೈಲ್ ಬಂತು.

ಲೆಡ್ಜರ್ ನೋಡಿ ಪಳಗಿದ ಕಣ್ಣು ನನ್ನದು. ಸಾಲು ಸಾಲಾಗಿ ದಿನಾಂಕ, ಆಟದ ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ಸಾಧನ, ಯಾವ ಐಪಿ ವಿಳಾಸ, ಯಾವ ಊರು, ಯಾರ ಜೊತೆ ಆಡಿದ್ದು. ಬೆರಳಿಟ್ಟು ಕೆಳಗೆ ಇಳಿಯುತ್ತ ಹೋದೆ. ಗಣಿತ ಪರೀಕ್ಷೆಯ ದಿನದ ಸಾಲು ಸಿಕ್ಕಿತು: ಶುರು ರಾತ್ರಿ 1.12, ಮುಕ್ತಾಯ 3.40. ನಾನು ಪಕ್ಕದ ಕೋಣೆಯಲ್ಲಿ ಮಲಗಿದ್ದೆ.

ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ನೋಯಿಸಿತು. ಹುಡುಕಿದರೆ ನನ್ನ ಇಮೇಲಿನಲ್ಲಿ, ನಾನು ಯಾವತ್ತೂ ತೆರೆಯದ ಪ್ರಚಾರದ ಪತ್ರಗಳ ನಡುವೆ, ವಾರಕ್ಕೊಂದರಂತೆ ಅವರ ವರದಿ ಬಂದು ಬಿದ್ದಿತ್ತು. ನನ್ನ ಹೆಸರು ಹಿಡಿದು ಅಭಿನಂದನೆ: ಕಳೆದ ವಾರ ನೀವು 31 ಗಂಟೆ ಆಡಿದ್ದೀರಿ! ನನ್ನ ಮಗನಿಗೆ ನಿದ್ದೆಯಿಲ್ಲ ಎಂಬುದು ಎಲ್ಲೋ ಇರುವ ಕಂಪನಿಯ ಕಡತದಲ್ಲಿ ನನಗಿಂತ ತಿಂಗಳುಗಳ ಮೊದಲೇ ದಾಖಲಾಗಿತ್ತು. ಆ ಕಡತದ ಪ್ರಕಾರ ಎಚ್ಚರವಿದ್ದವಳು ವಯಸ್ಕ ಹೆಂಗಸು. ತಡೆಯಲು ಅಲ್ಲಿ ಯಾರಿಗೂ ಕಾರಣವೇ ಇರಲಿಲ್ಲ.

ನಾವು ಚಿಕ್ಕವರಿದ್ದಾಗ ನನ್ನ ತಮ್ಮ ಟಿವಿಗೆ ವಿಡಿಯೊ ಗೇಮ್ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ. ಅವನು ಎಷ್ಟು ಸಲ ಸೋತ, ಯಾವ ಹೊತ್ತಿನಲ್ಲಿ ಆಡಿದ ಎಂಬುದು ಮನೆಯ ಗೋಡೆ ದಾಟುತ್ತಿರಲಿಲ್ಲ. ಕ್ಲೌಡ್ ಆಟದ ಸ್ವರೂಪವೇ ಬೇರೆ. ಆಟ ಓಡುವುದೇ ಅವರ ಯಂತ್ರದಲ್ಲಾದ್ದರಿಂದ ಇಲ್ಲಿ ಒತ್ತಿದ ಪ್ರತಿಯೊಂದು ಗುಂಡಿಯೂ ಅಲ್ಲಿಗೆ ಹೋಗಲೇಬೇಕು, ಹೋಗದಿದ್ದರೆ ಆಟ ನಡೆಯುವುದಿಲ್ಲ. ಹೋದದ್ದರಲ್ಲಿ ಎಷ್ಟನ್ನು ಇಟ್ಟುಕೊಳ್ಳುತ್ತಾರೆ, ಎಷ್ಟು ಕಾಲ, ಯಾರಿಗೆ ಕೊಡುತ್ತಾರೆ ಎಂಬುದು ನಾವು ಓದದೆ 'ಒಪ್ಪಿದೆ' ಎಂದು ಒತ್ತಿದ ಪುಟದಲ್ಲಿರುತ್ತದೆ. ಎಂಬತ್ತು ಸಾವಿರ ಉಳಿಯಿತೆಂದು ಹಿಗ್ಗಿದ್ದೆನಲ್ಲ, ಅದರಲ್ಲಿ ಒಂದಷ್ಟನ್ನು ಮಗ ಹೀಗೆ ಕಟ್ಟುತ್ತಿದ್ದ.

ಮರುವಾರ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಧ್ವನಿ ಸಂಭಾಷಣೆ ಮೊದಲಿನಿಂದಲೂ ಆನ್ ಇತ್ತು. ಗುರುತಿಲ್ಲದ ಯಾರು ಬೇಕಾದರೂ ಅವನೊಡನೆ ಮಾತಾಡಬಹುದಿತ್ತು. ಇದು ಸಣ್ಣ ವಿಷಯವಲ್ಲ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ 27.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಪೋಷಕರ ಒಪ್ಪಿಗೆಯಿಲ್ಲದೆ 13 ವರ್ಷದೊಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಿತೆಂಬುದರ ಜೊತೆಗೆ, ಮಕ್ಕಳಿಗೂ ಮಾತುಕತೆಯನ್ನು ಆನ್ ಇಟ್ಟೇ ಕೊಟ್ಟಿತೆಂಬ ಆರೋಪವೂ ಅದರಲ್ಲಿತ್ತು.

ನಮ್ಮಲ್ಲೂ ಕಾನೂನಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನ ಹಿರಿಯರೊಬ್ಬರು ಇಳಿವಯಸ್ಸಿನಲ್ಲಿ ಹೋರಾಡಿ ಗಳಿಸಿಕೊಟ್ಟ ಹಕ್ಕು ಅದು. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವುದನ್ನೂ ನಿರ್ಬಂಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವಿದೆ. ಆದರೆ ಈ ಕಾನೂನು ಕಾಯುವುದು ಮಗು ಎಂದು ದಾಖಲಾದ ಮಗುವನ್ನು. ನನ್ನ ಮಗ ಆ ಪಟ್ಟಿಯಲ್ಲೇ ಇರಲಿಲ್ಲ.

ಹಳೆಯ ಖಾತೆಯನ್ನು ಅಳಿಸಿದೆವು. ಏಳು ತಿಂಗಳು ಆಡಿ ಕಟ್ಟಿಕೊಂಡದ್ದೆಲ್ಲ ಅದರೊಂದಿಗೆ ಹೋಯಿತು. ಅವನು ಅತ್ತ, ನಾನು ಪಕ್ಕದಲ್ಲೇ ಕೂತಿದ್ದೆ. "ತಪ್ಪು ನಿಂದಲ್ಲ, ಅವತ್ತು ನಂದೇ ಹಾಕು ಅಂದಿದ್ದು ನಾನು" ಎಂದು ಹೇಳಿದೆ. ಆಟ ಬಿಡಿಸಲಿಲ್ಲ. ಹೊಸ ಖಾತೆ ಅವನ ವಯಸ್ಸಿನದು, ನನ್ನ ಖಾತೆಗೆ ಜೋಡಿಸಿದ್ದು. ರಾತ್ರಿ ಒಂಬತ್ತೂವರೆಗೆ ತಾನೇ ಮುಚ್ಚಿಕೊಳ್ಳುತ್ತದೆ, ಮಾತುಕತೆ ಗುರುತಿನ ನಾಲ್ಕು ಗೆಳೆಯರೊಡನೆ ಮಾತ್ರ.

ನಿಮ್ಮ ಮನೆಯಲ್ಲೂ ಮಕ್ಕಳು ಹೀಗೆ ಆಡುತ್ತಿದ್ದರೆ ಇವತ್ತು ಊಟ ಮುಗಿದ ಮೇಲೆ ಅವರ ಪಕ್ಕ ಕೂತು ಆ ಖಾತೆ ತೆರೆಸಿ. ಅಲ್ಲಿರುವ ಹುಟ್ಟಿದ ದಿನಾಂಕ ಯಾರದು, ನೋಡಿ.