ಆರು ಪರೀಕ್ಷಾ ಗಾಡಿಗಳು ಎಲ್ಲಿ ಹೋದುವು?

1964ನೆಯ ಇಸವಿಯ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಗರಗಳ ನಡುವೆ ಷಿಂಕಾನ್‌ಸೆನ್ ಎಂಬ ಶೀಘ್ರಗಾಮಿ ರೈಲು ಓಡಲಾರಂಭಿಸಿದುದನ್ನು ವಾಚಕರು ಬಲ್ಲರು. ಅದಕ್ಕೆ ದಾರಿ ತೋರಿದ ಆರು ಪರೀಕ್ಷಾ ಗಾಡಿಗಳ ಜಾಡನ್ನು ನಾವೀಗ ಅರಸೋಣ.

1962ರಲ್ಲಿ ಸಿದ್ಧವಾದ ಇವುಗಳಲ್ಲಿ ಎರಡು ಗಾಡಿಗಳದು ಒಂದು ಜೋಡಣೆ. ನಾಲ್ಕು ಗಾಡಿಗಳದು ಇನ್ನೊಂದು. ಮುಂದೆ ನಿಂತು ಎಳೆಯುವ ಎಂಜಿನ್ ಇವಕ್ಕಿರಲಿಲ್ಲ. ಪ್ರತಿಯೊಂದು ಗಾಡಿಯ ಅಚ್ಚುಗಳನ್ನೂ ಅದರದೇ ವಿದ್ಯುತ್ ಮೋಟಾರುಗಳು ತಿರುಗಿಸುತ್ತಿದ್ದುವು. ಭಾರವು ಹೀಗೆ ಹಂಚಿಹೋದುದರಿಂದ ಹಳಿಗಳ ಮೇಲಣ ಹೊರೆ ತಗ್ಗಿತು. ಕಾಮೊನೋಮಿಯಾದ ಪರೀಕ್ಷಾ ಮಾರ್ಗದಲ್ಲಿ 1963ರ ಮಾರ್ಚ್ 30ರಂದು ನಾಲ್ಕು ಗಾಡಿಗಳ ಜೋಡಣೆಯು ಗಂಟೆಗೆ 256 ಕಿಲೋಮೀಟರ್ ವೇಗವನ್ನು ಮುಟ್ಟಿತು.

ಆದರೆ ವೇಗವೊಂದೇ ಸಾಲದಷ್ಟೆ! ಸುರಂಗವನ್ನು ಹೊಕ್ಕೊಡನೆ ಹೊರಗಿನ ಗಾಳಿಯ ಒತ್ತಡ ಥಟ್ಟನೆ ಬದಲಾಗುತ್ತಿದ್ದಿತು. ಆ ಬದಲಾವಣೆ ಸಂದುಗಳ ಮೂಲಕ ಒಳಕ್ಕೂ ತಾಗಿ, ಕಿವಿಯ ತಮಟೆಯ ಎರಡು ಬದಿಯ ಒತ್ತಡಗಳು ಸಮವಾಗಿರದೆ, ಕುಳಿತವರ ಕಿವಿಗಳು ನೋಯುತ್ತಿದ್ದುವು. ಪ್ರಯಾಣಿಕರ ಗಾಡಿಗಳನ್ನು ಗಾಳಿ ನುಸುಳದಂತೆ ಬಿಗಿಯಾಗಿ ಕಟ್ಟಬೇಕೆಂಬ ಪಾಠ ಇಲ್ಲಿಂದ ದೊರೆಯಿತು.

ಪರೀಕ್ಷೆ ಮುಗಿದ ಮೇಲೆ ಎರಡು ಗಾಡಿಗಳ ಜೋಡಣೆಯನ್ನು ಆಪತ್ಕಾಲದ ನೆರವಿಗೆಂದು ಮಾರ್ಪಡಿಸಿದರು. ನಾಲ್ಕರ ಜೋಡಣೆಯು ಮಾರ್ಗದ ವಿದ್ಯುತ್ ತಂತಿಗಳನ್ನು ತಪಾಸಣೆ ಮಾಡುವ ಗಾಡಿಯಾಯಿತು. 1970ರ ದಶಕದಲ್ಲಿ ಎರಡನ್ನೂ ಒಡೆದು ಗುಜರಿಗೆ ಹಾಕಿದರು. ಆದುದರಿಂದ ಇವನ್ನು ವಸ್ತುಸಂಗ್ರಹಾಲಯಗಳಲ್ಲಿ ಹುಡುಕಿ ಫಲವಿಲ್ಲ. ಆದರೂ ಇವು ಓಡಿದ ಪರೀಕ್ಷಾ ಮಾರ್ಗವು ಮುಖ್ಯ ಮಾರ್ಗದಲ್ಲಿಯೇ ಸೇರಿಹೋಗಿದೆ. ಇವು ಕಲಿಸಿದ ಪಾಠವೋ, ಸುರಂಗದಲ್ಲಿ ಕಿವಿ ನೋಯದೆ ಸಾಗುವ ಪ್ರತಿಯೊಬ್ಬ ಪ್ರಯಾಣಿಕನ ಜೊತೆಯಲ್ಲಿಯೂ ಇಂದಿಗೂ ಪಯಣಿಸುತ್ತಿದೆ.