ಹಂಪೆಯ ನೆಲದಲ್ಲಿ ಸ್ಥಾವರ-ಜಂಗಮ ವಿಚಾರ

‘ಸ್ಥಾ’ ಎಂಬ ಧಾತುವಿನಿಂದ ಸ್ಥಾವರ ಶಬ್ದವೂ ‘ಗಮ್’ ಎಂಬ ಧಾತುವಿನಿಂದ ಜಂಗಮ ಶಬ್ದವೂ ಹುಟ್ಟಿವೆ. ನಿಂತಿರುವುದು ಸ್ಥಾವರ, ಚಲಿಸುವುದು ಜಂಗಮ. ಶರಣರು ಈ ಎರಡನೆಯ ಶಬ್ದಕ್ಕೆ ಅರಿವಿನ ಚಲನೆಯೆಂಬ ಹಿರಿದಾದ ಅರ್ಥವನ್ನು ಕೊಟ್ಟರು. ಈ ಭೇದವನ್ನು ಸದ್ಭಕ್ತರು ತುಂಗಭದ್ರೆಯ ದಡದ ಹಂಪೆಯಲ್ಲಿ ಕಣ್ಣಾರೆ ಕಾಣಬಹುದು.

ಹಂಪೆಯೆಂದರೆ ವಿಜಯನಗರವೊಂದೇ ಅಲ್ಲ. ಅಲ್ಲಿ ಕಾಲವು ಪದರಪದರವಾಗಿ ನೆಲೆಸಿದೆ. ನದಿಯಾಚೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅತಿ ಪ್ರಾಚೀನ ಜನರು ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಸಾಮ್ರಾಜ್ಯವು ಹುಟ್ಟುವ ಮೊದಲೇ ಹರಿಹರ ಕವಿಯು ವಿರೂಪಾಕ್ಷನ ಸನ್ನಿಧಿಯಲ್ಲಿದ್ದು ಬಸವಾದಿ ಶರಣರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದನು. ಅನಂತರ ಅರಸರು ನದಿಗೆ ಅಣೆಕಟ್ಟುಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 1424ರಿಂದ 1446ರವರೆಗೆ, ವಿರಕ್ತರು ವಚನಗಳನ್ನು ಸಂಗ್ರಹಿಸಿ ಓಲೆಗರಿಗಳಲ್ಲಿ ಬರೆಯಿಸಿದರು. ಲಕ್ಕಣ್ಣ ದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದನು.

1565ರ ಯುದ್ಧದ ತರುವಾಯ ಪಟ್ಟಣವು ಹಾಳಾಯಿತು. ಅರಮನೆಗಳಲ್ಲಿ ಇಂದು ಅಡಿಗಟ್ಟುಗಳಷ್ಟೇ ಉಳಿದಿವೆ. ಆದರೆ ತುರ್ತು ಕಾಲುವೆಯ ನೀರು ಇಂದಿಗೂ ಆ ಬಂಡೆಗಳ ನಡುವಣ ಬಾಳೆ, ಕಬ್ಬು, ಬತ್ತದ ಗದ್ದೆಗಳಿಗೆ ಹರಿಯುತ್ತಿದೆ. ವಚನಗಳೂ ನಮ್ಮ ಮನೆಗಳಲ್ಲಿ ನುಡಿಯುತ್ತಿವೆ. ಇವೆರಡೂ ಉಳಿದುದು ಹೇಗೆ? ಕಾಲುವೆಯ ಹೂಳನ್ನು ತಲೆಮಾರು ತಲೆಮಾರಾಗಿ ಒಕ್ಕಲಿನ ಕೈಗಳು ತೆಗೆದವು. ಜೀರ್ಣವಾದ ಓಲೆಯನ್ನು ಲಿಪಿಕಾರರ ಕೈಗಳು ಹೊಸ ಗರಿಗೆ ಇಳಿಸಿದವು. ಎರಡೂ ಕಾಯಕವೇ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕ್ಷೇತ್ರದೊಳಗಿನ ಸೇತುವೆ ಕಾಮಗಾರಿಗಳಿಂದಾಗಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ರಕ್ಷಣೆಗೆಂದು 2002ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಕಾಯಿದೆಯು ಅವಶ್ಯ, ಅದಿಲ್ಲದಿದ್ದರೆ ಕಲ್ಲುಗಳೂ ಉಳಿಯವು. ಆದರೆ 2011ರಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ವಾಸವಾಗಿದ್ದ ಕುಟುಂಬಗಳನ್ನು ತೆರವು ಮಾಡಿಸಲಾಯಿತು. ಮಂಟಪಗಳು ಉಳಿದವು, ಒಲೆಗಳು ಆರಿದವು. ಕಲ್ಲನ್ನು ಕಾಯುವಾಗ ಅದರ ನೆರಳಿನಲ್ಲಿ ಬದುಕುವ ಜೀವವನ್ನು ಹೇಗೆ ಕಾಯಬೇಕೆಂಬ ಪ್ರಶ್ನೆಗೆ ಕಾಯಿದೆಯೊಂದೇ ಉತ್ತರ ಹೇಳಲಾರದು, ದಯೆಯೂ ಜೊತೆಗೂಡಬೇಕು.

ಗೃಹಸ್ಥರಾದ ನಮಗೆ ಇದರಿಂದ ದೊರೆಯುವ ಪಾಠವಿಷ್ಟು. ಹಂಪೆಗೆ ಹೋದವರು ಗೋಪುರಕ್ಕೆ ಕೈಮುಗಿದು ಹಿಂದಿರುಗದೆ, ಕಾಲುವೆಯ ಏರಿಯ ಮೇಲೆ ಒಂದು ಗಳಿಗೆ ನಿಲ್ಲಿರಿ. ಊರಿಗೆ ಬಂದ ಮೇಲೆ ನಿಮ್ಮೂರ ಕೆರೆಯ ಹೂಳನ್ನು ನೋಡಿರಿ. ಅಟ್ಟದ ಮೇಲೆ ಹಿರಿಯರಿಟ್ಟ ಓಲೆಯ ಕಟ್ಟು ಇದ್ದರೆ ಧೂಳೊರಸಿ ಮಠಕ್ಕೆ ತೋರಿಸಿರಿ. ಹಿರಿಯರು ಉಳಿಸಿಕೊಟ್ಟುದನ್ನು ಮುಂದಿನವರಿಗೆ ದಾಟಿಸುವುದೂ ದಾಸೋಹವೇ ಆಗಿದೆ.