ಏಕ ಪೂರೈಕೆಯ ಮಂಡಲಕ್ಕೆ ಆಪ್-ಆಂಪ್ ಆಯ್ಕೆ

ಫೇರ್‌ಚೈಲ್ಡ್ ಸಂಸ್ಥೆಯು 1968ರಲ್ಲಿ ಹೊರತಂದ 741 ಎಂಬ ಆಪ್-ಆಂಪ್ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅಗ್ರಸ್ಥಾನದಲ್ಲಿದ್ದರೂ, ಧನ ಮತ್ತು ಋಣ 15 ವೋಲ್ಟುಗಳ ಯುಗ್ಮ ಪೂರೈಕೆಯನ್ನು ಉದ್ದೇಶಿಸಿ ರಚಿತವಾದ ಅದು, ಪೂರೈಕೆಯ ಎರಡೂ ಅಂಚುಗಳಿಂದ ದೂರವಿರುವ ಇನ್‌ಪುಟ್ಟನ್ನೇ ಅಪೇಕ್ಷಿಸುವುದರಿಂದ, 5 ವೋಲ್ಟಿನ ಏಕ ಪೂರೈಕೆಗೆ ಅಯೋಗ್ಯವೆಂದೇ ತಿಳಿಯತಕ್ಕದ್ದು.

ಎಲ್‌ಎಂ358 ಎಂಬ ಆಪ್-ಆಂಪಿನ ಸ್ವಭಾವವು ಬೇರೆ. ಇನ್‌ಪುಟ್ಟಿನಲ್ಲಿ ಪಿಎನ್‌ಪಿ ಟ್ರಾನ್ಸಿಸ್ಟರುಗಳನ್ನುಳ್ಳ ಇದು ಗ್ರೌಂಡಿನ ಮಟ್ಟದ, ಅರ್ಥಾತ್ ಶೂನ್ಯ ವೋಲ್ಟಿನ, ಸಂಕೇತವನ್ನೂ ಗ್ರಹಿಸಬಲ್ಲದು. 3ರಿಂದ 32 ವೋಲ್ಟುಗಳವರೆಗಿನ ಏಕ ಪೂರೈಕೆಯಲ್ಲಿ ಕಾರ್ಯನಿರ್ವಹಿಸಬಲ್ಲದು. ಆದರೆ ಇದರ ಔಟ್‌ಪುಟ್ ಪೂರೈಕೆಗಿಂತ ಸುಮಾರು 1.5 ವೋಲ್ಟು ಕೆಳಗೇ ನಿಂತುಬಿಡುವುದೆಂಬ ಮುಖ್ಯ ಸಂಗತಿಯನ್ನು ವಿದ್ಯಾರ್ಥಿಗಳು ಅನೇಕ ವೇಳೆ ಮರೆಯುವರು.

ಉದಾಹರಣೆಗೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟು ನೀಡುವ ಎಲ್‌ಎಂ35 ಉಷ್ಣಸಂವೇದಕದ ಸಂಕೇತವನ್ನು, 5 ವೋಲ್ಟಿನ ಪೂರೈಕೆಯುಳ್ಳ ಎಲ್‌ಎಂ358ರಿಂದ ಹತ್ತು ಪಟ್ಟು ವರ್ಧಿಸಿದೆವೆನ್ನೋಣ: 25 ಡಿಗ್ರಿಯಲ್ಲಿ ದೊರೆಯುವುದು 2.5 ವೋಲ್ಟು, 40 ಡಿಗ್ರಿಯಲ್ಲಿ ದೊರೆಯಬೇಕಾದುದು 4 ವೋಲ್ಟು, ಆದರೆ ಔಟ್‌ಪುಟ್ ಸುಮಾರು 3.5ರಲ್ಲಿಯೇ ಸ್ತಬ್ಧವಾಗುವುದು. ಬೇಸಗೆಯ ಕಲಬುರಗಿಯಲ್ಲಿ ಇಂತಹ ಮಾಪಕವು ನಿಷ್ಪ್ರಯೋಜಕ. ಅಲ್ಲಿ 1.8ರಿಂದ 6 ವೋಲ್ಟುಗಳಲ್ಲಿ ನಡೆಯುವ, ಇನ್‌ಪುಟ್ ಹಾಗೂ ಔಟ್‌ಪುಟ್ ಎರಡರಲ್ಲಿಯೂ ‘ರೈಲ್-ಟು-ರೈಲ್’ (ಪೂರೈಕೆಯ ಒಂದು ಅಂಚಿನಿಂದ ಮತ್ತೊಂದು ಅಂಚಿನವರೆಗೆ) ಗುಣವುಳ್ಳ ಎಂಸಿಪಿ6002ರಂತಹುದೇ ಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಧ್ವನಿಯಂತಹ ಪರ್ಯಾಯ ಸಂಕೇತವಾದರೆ, ಅದರ ಋಣಾರ್ಧವು ಕತ್ತರಿಸಿಹೋಗದಂತೆ, ಎರಡು ಸಮಾನ ರೋಧಕಗಳಿಂದ ಪೂರೈಕೆಯ ಅರ್ಧದಷ್ಟು ವೋಲ್ಟೇಜನ್ನು ನಿರ್ಮಿಸಿ, ಕೆಪಾಸಿಟರಿನಿಂದ ಅದನ್ನು ಸ್ಥಿರಗೊಳಿಸಿ, ಕೆಪಾಸಿಟರಿನ ಮೂಲಕವೇ ಬರುವ ಸಂಕೇತವನ್ನು ಆ ಮಟ್ಟದ ಮೇಲೆ ನಿಲ್ಲಿಸತಕ್ಕದ್ದು.